ಹಳೆಯ ಜವನಿಕೆಗಳ ಪುನರುಪಯೋಗ: ಒಂದು ಚಾರಿತ್ರಿಕ ವಿಚಾರ

ಗೃಹಕೃತ್ಯಗಳಲ್ಲಿ ಅತ್ಯಲ್ಪವೆಂದು ತೋರುವ ಸಂಗತಿಗಳೂ ಒಮ್ಮೊಮ್ಮೆ ದೊಡ್ಡ ವಿಚಾರಗಳಿಗೆ ಎಡೆಗೊಡುವುದುಂಟು. ಈ ಲೇಖನಕ್ಕೆ ಕಾರಣವಾದುವು ನಾಲ್ಕು ಹಳೆಯ ಪರದೆಗಳು. ನಮ್ಮ ನೆರೆಯಲ್ಲಿದ್ದ ಗೃಹಸ್ಥರೊಬ್ಬರು ವರ್ಗವಾಗಿ ದೂರದ ಊರಿಗೆ ಹೊರಟಾಗ, ಸಾಗಿಸಲಾಗದ ಪದಾರ್ಥಗಳನ್ನು ಬಂದ ಬೆಲೆಗೆ ಕೊಟ್ಟರು. ನಮ್ಮ ಸೊಸೆಯು ಅವುಗಳಲ್ಲಿ ದಪ್ಪನೂಲಿನ ಹಸುರು ಪರದೆಗಳು ನಾಲ್ಕನ್ನು ಕೊಂಡುತಂದಳು. ನಡುಮನೆಯ ಬಾಗಿಲಿಗೆ ಎರಡು, ಕಿಟಕಿಗಳಿಗೆ ಎರಡು ಎಂದು ಆಕೆಯ ಲೆಕ್ಕ. ನಾನು ಅದನ್ನು ಕಂಡೊಡನೆ, “ಅನ್ಯರ ಮನೆಯ ಧೂಳುಂಡ ಬಟ್ಟೆ ನಮ್ಮ ಮನೆಯಲ್ಲಿ ತೂಗಬಾರದು, ಪರರು ಧರಿಸಿದ ವಸ್ತ್ರವನ್ನು ಧರಿಸಕೂಡದೆಂದು ಮನುವಿನ ವಿಧಿಯಿದೆ” ಎಂದು ಸ್ವಲ್ಪ ಬಿರುಸಾಗಿಯೇ ನುಡಿದೆನು. ಆಕೆಯು ಎದುರಾಡಲಿಲ್ಲ. ಪರದೆಗಳನ್ನು ಮಡಿಚಿ ಹಿತ್ತಿಲ ಕೋಣೆಯಲ್ಲಿಟ್ಟು, ಹೊರಟುಹೋಗುವಾಗ ಮಾತ್ರ, “ಪರದೆಯನ್ನು ಯಾರೂ ಉಡುವುದಿಲ್ಲವಲ್ಲ, ಮಾವ?” ಎಂದಳು.

ನಲವತ್ತು ವರುಷ ಮಕ್ಕಳಿಗೆ ಪಾಠ ಹೇಳಿದವನಿಗೆ ಈ ಒಂದು ಪ್ರಶ್ನೆಯು ಆ ರಾತ್ರಿ ನಿದ್ರೆಗೊಡಲಿಲ್ಲ. ಪ್ರಮಾಣವನ್ನು ಹೇಳಿದವನು ಪ್ರಮಾಣದ ಅರ್ಥವನ್ನೂ ಹೇಳಬೇಕಲ್ಲವೇ? ಮರುದಿನ ಪುಸ್ತಕವನ್ನು ತೆಗೆದು ನೋಡಿದೆನು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಆ ವಿಧಿಯಿರುವುದೇನೋ ಸತ್ಯ. ಅಲ್ಲಿ ಪಾದರಕ್ಷೆ, ವಸ್ತ್ರ, ಯಜ್ಞೋಪವೀತ, ಆಭರಣ, ಹೂಮಾಲೆ, ಕಮಂಡಲು ಇಷ್ಟನ್ನು ಪರರು ಬಳಸಿದುದಾದರೆ ತಾನು ಧರಿಸಬಾರದೆಂದು ಹೇಳಿದೆ. ಇವೆಲ್ಲವೂ ದೇಹಕ್ಕೆ ಸೋಂಕುವ ಪದಾರ್ಥಗಳು. ಬಾಗಿಲಲ್ಲಿ ತೂಗುವ ಬಟ್ಟೆಯ ಪ್ರಸ್ತಾಪವೇ ಅಲ್ಲಿಲ್ಲ. ಇಷ್ಟೇ ಅಲ್ಲದೆ, ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯನ್ನು ಹೇಳುವಾಗ, ಬಟ್ಟೆಗಳು ಬಹಳವಿದ್ದರೆ ನೀರು ಪ್ರೋಕ್ಷಿಸುವುದರಿಂದಲೂ, ಕೆಲವೇ ಇದ್ದರೆ ಒಗೆಯುವುದರಿಂದಲೂ ಶುದ್ಧವಾಗುತ್ತವೆಯೆಂದು ವಿಧಿಸಿದೆ. ಹಾಗಾದರೆ ಶಾಸ್ತ್ರವು ಸೊಸೆಯ ಪಕ್ಷದಲ್ಲಿತ್ತು. ನನ್ನ ಪಕ್ಷದಲ್ಲಿದ್ದುದು ಬರಿಯ ಹೇಸಿಕೆ. ಹೇಸಿಕೆಗೆ ಶಾಸ್ತ್ರದ ಹೊದಿಕೆ ಹೊದಿಸಿದುದು ನನ್ನ ತಪ್ಪೆಂದು ಒಪ್ಪಿಕೊಂಡು, ಅಂದಿನಿಂದ ಈ ವಿಷಯದಲ್ಲಿ ಓದಿದುದನ್ನೂ ನೋಡಿದುದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಅಮರಸಿಂಹನು ತನ್ನ ಕೋಶದಲ್ಲಿ ಪ್ರತಿಸೀರಾ, ಜವನಿಕಾ, ತಿರಸ್ಕರಿಣೀ ಎಂಬ ಮೂರು ಶಬ್ದಗಳನ್ನು ಪರ್ಯಾಯಗಳಾಗಿ ಹೇಳಿದ್ದಾನೆ. ತಿರಸ್ಕರಿಣಿಯೆಂದರೆ ಮರೆಮಾಡತಕ್ಕದ್ದು. ಕಾಳಿದಾಸನಿಗೆ ಈ ಶಬ್ದವು ಬಹು ಪ್ರಿಯವಾದುದೆಂದು ತೋರುತ್ತದೆ. ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮಾಲಯದ ಗುಹಾದ್ವಾರಗಳಲ್ಲಿ ಜೋಲುವ ಮೇಘಗಳೇ ಕಿನ್ನರಸ್ತ್ರೀಯರಿಗೆ ತಿರಸ್ಕರಿಣಿಗಳಾಗುತ್ತವೆ. ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದಲ್ಲಿ, ನೇಪಥ್ಯದೊಳಗಿರುವ ಮಾಲವಿಕೆಯನ್ನು ಕಾಣುವ ತವಕದಿಂದ ಅರಸನ ಕಣ್ಣುಗಳೇ ತೆರೆಯನ್ನು ಎಳೆದುಹಾಕಲು ಹೊರಟಂತಾಗುತ್ತದೆ. ವಿಕ್ರಮೋರ್ವಶೀಯದಲ್ಲಾದರೋ ತಿರಸ್ಕರಿಣಿಯೆಂಬುದು ಬಟ್ಟೆಯೂ ಅಲ್ಲ, ಅಪ್ಸರೆಯರು ಕಣ್ಣಿಗೆ ಕಾಣದಂತಿರಲು ಬಳಸುವ ಒಂದು ವಿದ್ಯೆ. ಜವನಿಕೆಯೆಂಬ ಶಬ್ದವು ನಮ್ಮ ಹಳಗನ್ನಡ ಕವಿಗಳಿಗೂ ಪರಿಚಿತವಾದುದೇ. ಅಚ್ಚಗನ್ನಡದಲ್ಲಿ ಇದಕ್ಕೆ ತೆರೆಯೆಂಬ ಹೆಸರುಂಟು. ತಮಿಳಿನ ತಿರೈ ಎಂಬುದು ಇದರ ಸೋದರಶಬ್ದ. ಯಕ್ಷಗಾನದಲ್ಲಿ ಇಬ್ಬರು ಹಿಡಿಯುವ ತೆರೆಯನ್ನೂ, ವಿವಾಹದಲ್ಲಿ ವಧೂವರರ ನಡುವೆ ಹಿಡಿಯುವ ಅಂತಃಪಟವನ್ನೂ ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಇಂದು ಮನೆಮನೆಯಲ್ಲಿಯೂ ಬಳಕೆಯಲ್ಲಿರುವ ಪರದೆಯೆಂಬ ಮಾತು ಪಾರಸಿಯಿಂದ ಬಂದುದು. ಎಂದರೆ ಪರರ ಪರದೆಯನ್ನು ಬೇಡವೆಂದ ನಾನು, ಪರರ ಮಾತಿನಲ್ಲಿಯೇ ಅದನ್ನು ಬೇಡವೆಂದಿದ್ದೆನು!

ಜವನಿಕೆಯೆಂಬ ಶಬ್ದಕ್ಕೆ ಯವನಿಕೆಯೆಂಬ ಇನ್ನೊಂದು ರೂಪವೂ ಉಂಟು. ಈ ಒಂದು ಅಕ್ಷರವನ್ನು ಹಿಡಿದು ಕಳೆದ ಶತಮಾನಕ್ಕೂ ಹಿಂದೆ ದೊಡ್ಡದೊಂದು ವಾದ ನಡೆಯಿತು. ಯವನರೆಂದರೆ ಗ್ರೀಕರು, ಆದುದರಿಂದ ಯವನಿಕೆಯು ಗ್ರೀಕರಿಂದ ಬಂದುದು, ಆದುದರಿಂದ ಸಂಸ್ಕೃತನಾಟಕವೇ ಗ್ರೀಕರಿಂದ ಬಂದಿರಬಹುದು ಎಂದು ಕೆಲವು ಐರೋಪ್ಯ ಪಂಡಿತರು ತರ್ಕಿಸಿದರು. ಜರ್ಮನಿಯ ವೆಬರ್ ಪಂಡಿತನು ಗ್ರೀಕರ ಪ್ರಭಾವವನ್ನು ಸೂಚಿಸಿದನು. ವಿಂಡಿಶ್ ಎಂಬಾತನು 1882ರಲ್ಲಿ ಅದನ್ನು ವಿಸ್ತರಿಸಿ ಬರೆದನು. ಫ್ರಾನ್ಸಿನ ಸಿಲ್ವಾನ್ ಲೆವಿಯು 1890ರಲ್ಲಿ ಪ್ರಕಟಿಸಿದ ಭಾರತೀಯ ರಂಗಭೂಮಿಯ ಕುರಿತ ಗ್ರಂಥದಲ್ಲಿ ಈ ವಾದವನ್ನು ಖಂಡಿಸಿದನು. ಯವನಿಕೆಯೆಂಬುದು ವಿಶೇಷಣಮಾತ್ರ, ಯವನರು ತಂದು ಮಾರಿದ ಬಟ್ಟೆಯೆಂದು ಅದಕ್ಕೆ ಅರ್ಥವಾಗಬಹುದು, ಆ ಬಟ್ಟೆಯಾದರೂ ಪಾರಸೀಕ ದೇಶದ್ದಾಗಿರಬಹುದು ಎಂಬುದು ಅವನ ಪಕ್ಷ. ಜವನಿಕೆಯೇ ಮೂಲರೂಪವೆಂದೂ, ವೇಗಾರ್ಥಕವಾದ ಧಾತುವಿನಿಂದ ಅದು ಹುಟ್ಟಿತೆಂದೂ ಹೇಳುವವರೂ ಇದ್ದಾರೆ. ಗ್ರೀಕರ ಪ್ರಾಚೀನ ರಂಗಸ್ಥಳದಲ್ಲಿ ನಮ್ಮ ಬಗೆಯ ತೆರೆಯೇ ಇರಲಿಲ್ಲವಾಗಿ, ಇಲ್ಲದುದನ್ನು ಅವರಿಂದ ನಾವು ಪಡೆದೆವೆಂಬುದು ಸಲ್ಲದೆಂಬ ಆಕ್ಷೇಪವು ಎಲ್ಲಕ್ಕಿಂತ ಬಲವಾದುದು.

ಪಾಠಶಾಲೆಯಲ್ಲಿ ಓದುತ್ತಿದ್ದಾಗ ಈ ವಾದವನ್ನು ಕೇಳಿ ನಮಗೆಲ್ಲ ಕೋಪ ಬರುತ್ತಿತ್ತು. ಯವನಿಕೆಯೆಂದು ಬರೆದ ಪ್ರತಿಯನ್ನು ಕಂಡರೆ ಜವನಿಕೆಯೆಂದು ತಿದ್ದುವುದೇ ದೇಶಸೇವೆಯೆಂದು ಭಾವಿಸಿದ್ದೆವು. ಈಗ ವಯಸ್ಸು ಮಾಗಿದ ಮೇಲೆ ಬೇರೆಯಾಗಿ ತೋರುತ್ತದೆ. ಬಟ್ಟೆಯು ಎಲ್ಲಿಂದಲೇ ಬಂದಿರಲಿ, ಅದನ್ನು ತೂಗಿಸಿದ ಬಗೆ ಯಾರದು? ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವು ಪೂರ್ವರಂಗದ ಯಾವ ಯಾವ ಅಂಗಗಳು ಜವನಿಕೆಯ ಒಳಗೆ ನಡೆಯಬೇಕು, ಯಾವುವು ಅದು ಸರಿದ ಮೇಲೆ ನಡೆಯಬೇಕು ಎಂದು ವಿಂಗಡಿಸಿದೆ. ಗಾಬರಿಗೊಂಡ ಪಾತ್ರವು ತೆರೆಯನ್ನು ಒಮ್ಮೆಲೆ ಸರಿಸಿಕೊಂಡು ಪ್ರವೇಶಿಸುವುದಕ್ಕೆ ನಾಟಕಗಳಲ್ಲಿ ಪ್ರತ್ಯೇಕ ಸಂಕೇತವಿದೆ. ರಾಜಶೇಖರನು ತನ್ನ ಕರ್ಪೂರಮಂಜರಿಯಲ್ಲಿ ಅಂಕಗಳಿಗೆ ಅಂಕವೆಂಬ ಹೆಸರನ್ನೇ ಬಿಟ್ಟು ಜವನಿಕಾಂತರವೆಂದು ಕರೆದನು. ಇಷ್ಟು ವ್ಯವಸ್ಥೆಯನ್ನು ಯಾವ ವರ್ತಕನೂ ಹಡಗಿನಲ್ಲಿ ಹೇರಿಕೊಂಡು ಬರಲಾರನು. ಕೊಂಡ ಬಟ್ಟೆಯೆಂದು ಒಪ್ಪಿದ ಮಾತ್ರಕ್ಕೆ ಮನೆಯೇ ಕೊಂಡದ್ದಾಗುವುದಿಲ್ಲ.

ಹಳೆಯ ಬಟ್ಟೆಯನ್ನು ಹೊಸ ಕೆಲಸಕ್ಕೆ ಹಚ್ಚುವುದರಲ್ಲಿ ನಮ್ಮ ದೇಶಕ್ಕೆ ಪ್ರಾಚೀನವಾದ ಕೀರ್ತಿಯಿದೆ. ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವುಂಟು. ಕೌಶಾಂಬಿಯ ಉದಯನರಾಜನ ಅಂತಃಪುರಸ್ತ್ರೀಯರು ಆನಂದನೆಂಬ ಭಿಕ್ಷುವಿಗೆ ಐನೂರು ಉತ್ತರೀಯಗಳನ್ನು ಕೊಟ್ಟರು. ಇಷ್ಟು ಬಟ್ಟೆಯನ್ನು ತೆಗೆದುಕೊಂಡು ಈ ಸಂನ್ಯಾಸಿಯೇನು ಅಂಗಡಿಯಿಡುವನೇ ಎಂದು ಅರಸನಿಗೆ ಸಿಟ್ಟು ಬಂದು, ಹೋಗಿ ಕೇಳಿದನು. ಜೀರ್ಣವಸ್ತ್ರದ ಭಿಕ್ಷುಗಳಿಗೆ ಹಂಚುವೆನೆಂದು ಆನಂದನೆಂದನು. ಅವರ ಹಳೆಯ ಬಟ್ಟೆಗಳೇನಾಗುವುವು? ಮೇಲುಹಾಸುಗಳಾಗುವುವು. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು? ನೆಲದ ಹಾಸು. ಅದೂ ಹಳತಾದರೆ ಕಾಲೊರಸು, ಬಳಿಕ ಧೂಳೊರಸುವ ಬಟ್ಟೆ. ಅದೂ ಸವೆದರೆ ಚೂರುಚೂರು ಮಾಡಿ ಕೆಸರಿನಲ್ಲಿ ಕಲಸಿ ನೆಲಗಟ್ಟಿಗೆ ಬಳಿಯುವೆವು ಎಂದು ಉತ್ತರ ಬಂದಿತು. ಅರಸನು ಸಂತೋಷಗೊಂಡು ಇನ್ನೂ ಐನೂರು ಬಟ್ಟೆಗಳನ್ನು ಕೊಟ್ಟನಂತೆ. ನಮ್ಮ ಉತ್ತರಭಾಗದ ಮನೆಗಳಲ್ಲಿ ಹಳೆಯ ಸೀರೆಗಳ ತುಂಡುಗಳಿಂದ ಕೌದಿ ಹೊಲಿಯುವ ಅಜ್ಜಿಯರು ಆನಂದನ ಹೆಸರನ್ನೇ ಕೇಳಿರಲಾರರು. ಆದರೆ ಅವರು ನಡೆಸುತ್ತಿರುವುದು ಅವನ ಲೆಕ್ಕವನ್ನೇ.

ಇದು ಬಡವರ ಮತ್ತು ವಿರಕ್ತರ ಮಾತಾಯಿತು, ಶ್ರೀಮಂತರಿಗೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವಾಗಿ ಇಂಗ್ಲೆಂಡಿನ ಚರಿತ್ರೆಯಿಂದ ಒಂದು ದೃಷ್ಟಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಡರ್ಬಿ ಸೀಮೆಯಲ್ಲಿ ಎಲಿಜಬೆತ್ ಎಂಬ ಹೆಸರಿನವಳೇ ಆದ ಇನ್ನೊಬ್ಬ ಹೆಂಗಸಿದ್ದಳು. ಚರಿತ್ರಕಾರರು ಅವಳನ್ನು ಹಾರ್ಡ್‌ವಿಕ್ಕಿನ ಬೆಸ್ ಎಂದು ಕರೆಯುತ್ತಾರೆ. ಸಾಮಾನ್ಯ ಕುಟುಂಬದಲ್ಲಿ ಹುಟ್ಟಿದ ಈಕೆ ನಾಲ್ಕು ಬಾರಿ ವಿವಾಹವಾಗಿ ನಾಲ್ಕು ಬಾರಿಯೂ ವಿಧವೆಯಾದಳು. ಕಡೆಯ ಪತಿಯು ಶ್ರೂಸ್‌ಬರಿಯ ಅರ್ಲ್ ಪದವಿಯವನು. ಅವನು 1590ರಲ್ಲಿ ತೀರಿಕೊಂಡನು. ಅದೇ ವರುಷ ಈಕೆಯು ಹಾರ್ಡ್‌ವಿಕ್ ಎಂಬ ತನ್ನ ಹುಟ್ಟೂರಿನಲ್ಲಿ ಹೊಸ ಅರಮನೆಯನ್ನು ಕಟ್ಟಿಸಲು ಆರಂಭಿಸಿ 1597ರಲ್ಲಿ ಅದನ್ನು ಹೊಕ್ಕಳು. ಗೋಡೆಗಿಂತ ಗಾಜೇ ಹೆಚ್ಚೆಂದು ಜನರು ಆಡಿಕೊಳ್ಳುವಷ್ಟು ಕಿಟಕಿಗಳು ಆ ಮನೆಗೆ. ಬೆಳಕೇನೋ ಬಂದಿತು, ಅದರೊಡನೆ ಆ ದೇಶದ ಚಳಿಯೂ ಬಂದಿತು. ಚಳಿಗೆ ಅಂದಿನ ಔಷಧವೆಂದರೆ ಬಟ್ಟೆ. ಗೋಡೆಗಳಿಗೆ ಚಿತ್ರಗಳನ್ನು ನೆಯ್ದ ದಪ್ಪ ಉಣ್ಣೆಯ ತೂಗುಬಟ್ಟೆ, ಮಂಚಕ್ಕೆ ಸುತ್ತಲೂ ಪರದೆ. ಕಿಟಕಿಗಳಿಗೆ ಪರದೆ ಕಟ್ಟುವ ರೂಢಿಯು ಆಗ ಆ ದೇಶದಲ್ಲಿ ವಿರಳವಾಗಿತ್ತು.

ಬೆಸ್ಸಳು ಇವುಗಳನ್ನೆಲ್ಲ ಹೊಸದಾಗಿ ನೆಯ್ಸಲಿಲ್ಲ. ಎಂಟನೆಯ ಹೆನ್ರಿಯ ಕಾಲದಲ್ಲಿ, 1536ರಿಂದ 1540ರ ವರೆಗೆ, ಇಂಗ್ಲೆಂಡಿನ ಮಠಗಳೆಲ್ಲ ಮುಚ್ಚಲ್ಪಟ್ಟುವಷ್ಟೆ. ಮುಂದಿನ ಆಳ್ವಿಕೆಯಲ್ಲಿ ಇಗರ್ಜಿಗಳ ಪೂಜಾವಸ್ತ್ರಗಳೂ ನಿರುಪಯುಕ್ತವಾದುವು. ಪಾದ್ರಿಗಳು ಉತ್ಸವಗಳಲ್ಲಿ ಹೊದೆಯುತ್ತಿದ್ದ, ಅರ್ಧಚಂದ್ರಾಕಾರದ, ಮಖಮಲ್ಲಿನ ಮತ್ತು ಜರತಾರಿಯ ನಿಲುವಂಗಿಗಳು ಕೊಳ್ಳುವವರ ಪಾಲಾದುವು. ಅಂತಹವು ಬೆಸ್ಸಳ ಮನೆಗೂ ಬಂದಿದ್ದುವು. ಸುಮಾರು 1570ರ ದಶಕದಲ್ಲಿ ಅವುಗಳನ್ನು ಕತ್ತರಿಸಿ, ತುಂಡುಗಳನ್ನು ಬೇರೆ ಬಟ್ಟೆಯ ಮೇಲಿಟ್ಟು ಹೊಲಿದು, ಪ್ರಾಚೀನಕಾಲದ ಕುಲೀನ ಸ್ತ್ರೀಯರ ಚಿತ್ರಗಳುಳ್ಳ ಐದು ದೊಡ್ಡ ತೂಗುಬಟ್ಟೆಗಳನ್ನು ಮಾಡಿಸಿದಳು. ಪೆನೆಲೊಪೆ, ಲುಕ್ರೀಷಿಯ, ಜೆನೋಬಿಯ, ಆರ್ಟಿಮೀಸಿಯ ಎಂಬ ನಾಲ್ವರ ಚಿತ್ರಗಳು ಉಳಿದಿವೆ, ಕ್ಲಿಯೋಪಾತ್ರಳದು ನಷ್ಟವಾಗಿದೆ. ಮುಂದೆ ಗಂಡಹೆಂಡಿರಿಗೆ ವಿರಸವುಂಟಾಗಿ ಯಾವ ವಸ್ತು ಯಾರದೆಂಬ ವ್ಯಾಜ್ಯವೆದ್ದಾಗ, ಈ ಬಟ್ಟೆಗಳು ತನ್ನ ಮನೆಯಲ್ಲಿ ತನ್ನ ಆಳುಗಳು, ಹೆಂಗಸರು ಮತ್ತು ಹುಡುಗರ ಕೈಯಿಂದಲೇ ಬಹುಮಟ್ಟಿಗೆ ಆದುವೆಂದು ಆಕೆಯ ಪಕ್ಷದಲ್ಲಿ ಹೇಳಲ್ಪಟ್ಟಿತು. ಹೊಲಿದವರು ಯಾರೆಂಬುದೇ ಒಡೆತನಕ್ಕೆ ಸಾಕ್ಷಿಯಾದ ಈ ಸಂಗತಿಯನ್ನು ನಮ್ಮ ಗೃಹಿಣಿಯರು ಲಕ್ಷ್ಯದಲ್ಲಿಡತಕ್ಕದ್ದು.

ಇದಕ್ಕಿಂತ ಸ್ವಾರಸ್ಯವಾದುದು ಗಿಡಿಯನ್ನನ ಕಥೆಯ ತೂಗುಬಟ್ಟೆಗಳ ವೃತ್ತಾಂತ. ಸರ್ ಕ್ರಿಸ್ಟೊಫರ್ ಹ್ಯಾಟನ್ ಎಂಬಾತನು ಎಲಿಜಬೆತ್ ರಾಣಿಯ ಪ್ರೀತಿಪಾತ್ರನಾದ ಅಧಿಕಾರಿ. ಸಮುದ್ರಯಾತ್ರಿಕನಾದ ಡ್ರೇಕನು 1578ರಲ್ಲಿ ತನ್ನ ಹಡಗಿಗೆ ಚಿನ್ನದ ಜಿಂಕೆಯೆಂದು ಹೆಸರು ಬದಲಾಯಿಸಿದುದು ಈತನ ಲಾಂಛನವಾದ ಹೆಣ್ಣುಜಿಂಕೆಯ ಗೌರವಾರ್ಥವಾಗಿಯೇ. ಅದೇ ವರುಷ ಹ್ಯಾಟನ್ನನು ಫ್ಲಾಂಡರ್ಸ್ ದೇಶದಲ್ಲಿ ಬೈಬಲ್ಲಿನ ಗಿಡಿಯನ್ನನ ಕಥೆಯನ್ನು ಹದಿಮೂರು ದೊಡ್ಡ ಬಟ್ಟೆಗಳಲ್ಲಿ ನೆಯ್ಸಿದನು. ಸಾಲಾಗಿ ತೂಗಿದರೆ ಅವು 70 ಮೀಟರಿಗೂ ಹೆಚ್ಚು ಉದ್ದ, ಸುಮಾರು 6 ಮೀಟರ್ ಎತ್ತರ. ಆತನು 1591ರಲ್ಲಿ ಸಾಲಗಾರನಾಗಿ ಸತ್ತನು. ಮರುವರುಷ ಬೆಸ್ಸಳು ಅವನ ವಾರಸುದಾರನಾದ ಸೋದರಳಿಯನಿಂದ ಇಡಿಯ ಸಾಲನ್ನು 326 ಪೌಂಡುಗಳಿಗೆ ಸ್ವಲ್ಪ ಮಿಕ್ಕಿದ ಬೆಲೆಗೆ ಕೊಂಡಳು. ಬಟ್ಟೆಗಳ ಮೇಲೆಲ್ಲ ಹ್ಯಾಟನ್ನನ ಲಾಂಛನವಿದ್ದುದರಿಂದ, ಅದನ್ನು ಬದಲಾಯಿಸುವ ಖರ್ಚಿಗೆಂದು 5 ಪೌಂಡುಗಳನ್ನು ಬೆಲೆಯಲ್ಲಿ ಮುರಿಸಿಕೊಂಡಳು. ಬಳಿಕ ಮಾಡಿದುದೇನು? ಉಣ್ಣೆಯ ಬಟ್ಟೆಯ ತುಂಡುಗಳ ಮೇಲೆ ತನ್ನ ಲಾಂಛನವನ್ನು ಬರೆಯಿಸಿ ಹ್ಯಾಟನ್ನನ ಲಾಂಛನದ ಮೇಲೆ ಹೊಲಿಸಿದಳು. ಅವನ ಹೆಣ್ಣುಜಿಂಕೆಗಳಿಗೆ ಕವಲುಗೊಂಬುಗಳನ್ನು ಸೇರಿಸಿ, ತನ್ನ ಮನೆತನದ ಗಂಡುಸಾರಂಗಗಳನ್ನಾಗಿ ಮಾಡಿಸಿದಳು!

ಈ ಕೊಂಬಿನ ಉಪಾಯವನ್ನು ಓದಿ ನಾನು ನಕ್ಕುದುಂಟು; ಆದರೆ ನಗು ನಿಂತ ಮೇಲೆ ಒಂದು ಸಂದೇಹವೂ ಬಂದಿತು. ಪರರ ಲಾಂಛನವನ್ನು ಮುಚ್ಚಿ ತನ್ನದನ್ನು ಹಚ್ಚುವುದು ವಂಚನೆಯಲ್ಲವೇ? ವಿಚಾರಿಸಿದರೆ ಸಂಪೂರ್ಣವಾಗಿ ಹಾಗೆಂದು ಹೇಳಲಾಗುವುದಿಲ್ಲ. ಆಕೆಯು ನ್ಯಾಯವಾದ ಬೆಲೆಯನ್ನು ಕೊಟ್ಟಳು. ಬದಲಾವಣೆಯ ಲೆಕ್ಕವನ್ನು ವ್ಯಾಪಾರದಲ್ಲಿಯೇ ಬಾಯಿಬಿಟ್ಟು ಹೇಳಿದಳು. ಅದಲ್ಲದೆ ಹ್ಯಾಟನ್ನನ ಲಾಂಛನವನ್ನು ಕಿತ್ತೆಸೆಯದೆ ಅದರ ಮೇಲೆ ತನ್ನದನ್ನಿಟ್ಟಳಾದುದರಿಂದ, ಅಡಿಯಲ್ಲಿ ಹಳೆಯ ಒಡೆಯನ ಗುರುತು ಉಳಿಯಿತು. ಆಕೆಯು ಮಿತವ್ಯಯಿಯೂ ಹೌದು. 1601ರಲ್ಲಿ ಬರೆಯಿಸಿದ ಮನೆಯ ಸಾಮಾನುಗಳ ಪಟ್ಟಿಯಲ್ಲಿ, ಅಷ್ಟು ದೊಡ್ಡ ಅರಮನೆಯ ಒಡತಿಯು ತನ್ನ ಶಯನಗೃಹದ ಕಿಟಕಿಗೂ ಬಾಗಿಲಿಗೂ ಹಾಸಿಗೆಯ ಹೊದಿಕೆಗಳನ್ನು ತೂಗಿಸಿ ಚಳಿಯನ್ನು ತಡೆಯುತ್ತಿದ್ದುದು ಕಂಡುಬರುತ್ತದೆ. ಈ ಬಟ್ಟೆಗಳನ್ನು ತೇವ, ನುಸಿ ಮುಂತಾದ ಹಾನಿಗಳಿಂದ ಕಾಪಾಡತಕ್ಕದ್ದೆಂದು ತನ್ನ ಮರಣಶಾಸನದಲ್ಲಿ ವಾರಸುದಾರರಿಗೆ ವಿಧಿಸಿ, 1608ರಲ್ಲಿ ಆಕೆಯು ತೀರಿಕೊಂಡಳು. ಆ ಮಾತು ವ್ಯರ್ಥವಾಗಲಿಲ್ಲ. ಆ ಮನೆಯು 1959ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು. ಆ ಸಂಸ್ಥೆಯವರು ಗಿಡಿಯನ್ನನ ಹದಿಮೂರು ಬಟ್ಟೆಗಳನ್ನು ಒಂದೊಂದಾಗಿ ಇಳಿಸಿ, ಬೆಲ್ಜಿಯಮ್ ದೇಶದಲ್ಲಿ ತೊಳೆಯಿಸಿ, ಎಳೆಯೆಳೆಯಾಗಿ ಹೊಲಿಯಿಸಿ, 24 ವರುಷಗಳ ಕೆಲಸವನ್ನು 2023ರಲ್ಲಿ ಮುಗಿಸಿ ಮತ್ತೆ ತೂಗಿಸಿದರು. ಹ್ಯಾಟನ್ನನ ಹೊಸ ಬಟ್ಟೆಗಳಾಗಿ ಅವು ಇದ್ದುದು ಹದಿನಾಲ್ಕೇ ವರುಷ. ಬೆಸ್ಸಳ ಹಳೆಯ ಬಟ್ಟೆಗಳಾಗಿ ನಾನೂರು ವರುಷಕ್ಕೂ ಮಿಕ್ಕಿ ಬಾಳಿವೆ.

ಇಷ್ಟನ್ನು ಓದಿದ ಮೇಲೆ ನಾನು ಸೊಸೆಯನ್ನು ಕರೆದು, “ಶಾಸ್ತ್ರದ ಅರ್ಥವನ್ನು ನೀನೇ ಸರಿಯಾಗಿ ಹೇಳಿದೆಯಮ್ಮ, ತಪ್ಪು ನನ್ನದು. ಪರದೆಗಳನ್ನು ಹೊರತೆಗೆ” ಎಂದೆನು. ಆಕೆಯು ನಕ್ಕು, “ಸರಳಿಗೆ ಮೊಳೆ ಹೊಡೆಯುವುದು ನಿಮ್ಮ ಪಾಲು, ಮಾವ” ಎಂದಳು. ಮುಂದೆ ಎರಡು ದಿನ ಆಕೆಯು ಮಾಡಿದ ಕೆಲಸವನ್ನು ವಿದ್ಯಾರ್ಥಿಯಂತೆ ಕುಳಿತು ನೋಡಿದೆನು. ಮೊದಲು ಒಗೆದಳು. ಕತ್ತರಿಸುವುದಕ್ಕೆ ಮುಂಚೆ ಒಗೆಯಬೇಕು. ದಪ್ಪನೂಲಿನ ಬಟ್ಟೆಯು ನೀರು ಕಂಡರೆ ಕುಗ್ಗುವುದುಂಟು, ಕತ್ತರಿಸಿದ ಮೇಲೆ ಕುಗ್ಗಿದರೆ ಮತ್ತೆ ಉದ್ದಮಾಡುವ ಉಪಾಯವಿಲ್ಲ. ಒಣಗಿದ ಬಳಿಕ ಬಾಗಿಲಿನ ಮೇಲಿನ ಸರಳಿನಿಂದ ನೆಲದ ವರೆಗೆ ಅಳೆದು, ನೆಲಕ್ಕೆ ಒರಸದಂತೆ ಒಂದು ಬೆರಳಷ್ಟು ಬಿಟ್ಟು, ಮೇಲೆ ಕೆಳಗೆ ಮಡಿಚುವುದಕ್ಕೆ ಬೇಕಾದುದನ್ನು ಕೂಡಿಸಿ ಗುರುತುಮಾಡಿದಳು. ಅಗಲವನ್ನು ಮಾತ್ರ ಕಡಿಮೆ ಮಾಡಗೊಡಲಿಲ್ಲ. ಬಾಗಿಲಿನಷ್ಟೇ ಅಗಲವಿದ್ದರೆ ಹಲಗೆಯಂತೆ ಬಿಗಿದು ನಿಲ್ಲುವುದು. ಒಂದೂವರೆಯಿಂದ ಎರಡರಷ್ಟು ಇದ್ದರೆ ನೆರಿಗೆ ಬೀಳುವುದು ಎಂದಳು. ಕೆಳಗಿನ ಹೊಲಿಗೆಯನ್ನು ಬಿಚ್ಚಿದಾಗ ಒಳಮಡಿಕೆಯಲ್ಲಿ ಬಿಸಿಲು ಕಾಣದೆ ಉಳಿದ ಮೊದಲಿನ ಹಸುರು ಕಾಣಿಸಿತು. ಹೊರಗಿನ ಬಣ್ಣವು ಎಷ್ಟು ಮಾಸಿದೆಯೆಂಬುದು ಆಗ ನಮಗೆ ತಿಳಿಯಿತು. ಕಿಟಕಿಯ ಬಿಸಿಲಿಗೆ ಸುಟ್ಟು ಬಡವಾಗಿದ್ದ ಮೇಲ್ಭಾಗವನ್ನು ಕತ್ತರಿಸಿಹಾಕಿ, ಕೆಳಗಿನ ಗಟ್ಟಿಯಾದ ಭಾಗವನ್ನು ಮೇಲಕ್ಕೆ ತಿರುಗಿಸಿ, ಭಾರವನ್ನು ಹೊರುವ ಕಡೆ ಬಟ್ಟೆಯನ್ನು ಮೂರು ಮಡಿಕೆ ಮಾಡಿ ಹೊಲಿದಳು. ಮಿಕ್ಕ ತುಂಡುಗಳು ದಿಂಬಿನ ಗವಸುಗಳಾದುವು. ಅದಕ್ಕೂ ಮಿಕ್ಕವು ಒರಸುಬಟ್ಟೆಗಳು. ಆನಂದನ ಪಟ್ಟಿಯಲ್ಲಿ ಕೆಸರಿನ ಭಾಗವೊಂದು ಮಾತ್ರ ನಮ್ಮಲ್ಲಿ ಉಳಿದಿದೆ.

ಹೀಗೆ ಬಿಚ್ಚುವಾಗ ಒಂದು ಪರದೆಯ ಒಳಮಡಿಕೆಯಲ್ಲಿ ಕೆಂಪುದಾರದಿಂದ ಕೈಯಲ್ಲಿ ಹೊಲಿದ ಎರಡು ಚಿಕ್ಕ ಅಕ್ಷರಗಳು ಕಂಡವು. ಅಗಸರಲ್ಲಿ ಬಟ್ಟೆ ಅದಲುಬದಲಾಗದಿರಲೆಂದು ಹಾಕಿದ ಗುರುತಿರಬೇಕು. ಅದು ನೆರೆಮನೆಯವರ ಹೆಸರಿನ ಅಕ್ಷರವಲ್ಲ. ಎಂದರೆ ಅವರಿಗೂ ಈ ಪರದೆಯು ಬೇರೊಬ್ಬರಿಂದ ಬಂದುದು! ಸೊಸೆಯು ಸೂಜಿಯ ಮೊನೆಯಿಂದ ಅದನ್ನು ಬಿಚ್ಚಲು ಹೊರಟಳು. ಒಂದು ತಿಂಗಳ ಹಿಂದೆ ನಾನೇ ಬಿಚ್ಚೆಂದು ಹೇಳುತ್ತಿದ್ದೆನು. ಈಗ ತಡೆದು, ಆ ತುಂಡನ್ನು ಹಾಗೆಯೇ ಒಳಗಿಟ್ಟು ಮಡಿಚಿ ಹೊಲಿಯೆಂದು ಕೇಳಿಕೊಂಡೆನು. ಆಕೆಯು ಹಾಗೆಯೇ ಮಾಡಿ, ಅದರ ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನೂ ಹಸುರುದಾರದಲ್ಲಿ ಹಾಕಿದಳು.

ಪರರಿಂದ ಬಂದುದನ್ನೆಲ್ಲ ಮೈಲಿಗೆಯೆಂದು ನೂಕುವುದು ಒಂದು ಅವಿವೇಕ. ಬಂದುದನ್ನು ಬಂದಂತೆಯೇ, ನಮ್ಮ ಬಾಗಿಲಿನ ಅಳತೆಯನ್ನೂ ನೋಡದೆ ತೂಗಿಸಿಕೊಂಡು ಎಡವುತ್ತ ನಡೆಯುವುದು ಇನ್ನೊಂದು. ಅಳೆದು, ಒಗೆದು, ಕತ್ತರಿಸಿ, ನಮ್ಮ ಕೈಯಿಂದ ಹೊಲಿದುಕೊಂಡರೆ ಅದು ನಮ್ಮದಾಗುತ್ತದೆ. ಹಾಗಾದ ಮೇಲೆಯೂ ಮೊದಲಿನವರ ಗುರುತನ್ನು ಒಳಮಡಿಕೆಯಲ್ಲಿ ಉಳಿಸಿಕೊಳ್ಳುವುದರಿಂದ ನಮ್ಮ ಗೌರವಕ್ಕೆ ಕುಂದಿಲ್ಲ. ಬಟ್ಟೆಗೆ ಹೇಗೋ ಶಬ್ದಗಳಿಗೂ ಕಲೆಗಳಿಗೂ ಹಾಗೆಯೇ ಎಂದು ನನ್ನ ಮತಿಗೆ ತೋರುತ್ತದೆ. ಯವನಿಕೆಯೆಂದು ಬರೆದ ಪ್ರತಿಯನ್ನು ಕಂಡರೆ ಈಗ ನಾನು ತಿದ್ದುವುದಿಲ್ಲ.

ವಾಚಕಮಹಾಶಯರಲ್ಲಿ ಒಂದು ವಿಜ್ಞಾಪನೆಯುಂಟು. ತಮ್ಮ ಮನೆಗಳಲ್ಲಿ ಹಿರಿಯರು ಒಂದು ಬಟ್ಟೆಯನ್ನು ಇನ್ನೊಂದಾಗಿ ಮಾಡಿ ಬಳಸಿದ ಕೌದಿ, ತೆರೆ, ಹಾಸುಗಳೇನಾದರೂ ಉಳಿದಿದ್ದರೆ, ಅದು ಮೊದಲು ಏನಾಗಿತ್ತು, ಯಾರದಾಗಿತ್ತು, ಯಾರು ಹೊಲಿದರು ಎಂಬುದನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಡಬೇಕು. ಇಂತಹ ಟಿಪ್ಪಣಿಗಳನ್ನು ಈ ಪತ್ರಿಕೆಗೆ ಕಳುಹಿಸಿದರೆ ನಮ್ಮ ಜಿಲ್ಲೆಯ ಗೃಹಜೀವನದ ಚರಿತ್ರೆಗೆ ಸಾಮಗ್ರಿಯಾಗುವುದು. ಅರಮನೆಗಳ ಪಟ್ಟಿಗಳು ಉಳಿದಿವೆ. ನಮ್ಮ ಮನೆಗಳ ಪಟ್ಟಿಗಳನ್ನು ನಾವೇ ಬರೆಯಬೇಕು. ಈ ಲೇಖನದಲ್ಲಿ ದೋಷಗಳಿದ್ದರೆ ತಿಳಿದವರು ತಿದ್ದಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಒಮ್ಮೆ ಸೊಸೆಯಿಂದ ತಿದ್ದಿಸಿಕೊಂಡವನಿಗೆ ಇನ್ನು ಸಂಕೋಚವಿಲ್ಲ.